ಡಬ್ಬದ ಮೇಲಿನ 1 ಮಿಲಿಸೆಕೆಂಡ್ ಮತ್ತು ಡ್ರಾಯರ್ ಚಾನೆಲ್‌ನ ಹಳಿ

ಹನ್ನೆರಡು ಸಾವಿರ ರೂಪಾಯಿ ಒಳಗಿನ ಗೇಮಿಂಗ್ ಮಾನಿಟರ್‌ಗಳಲ್ಲಿ ಬಹುಪಾಲು ಡಬ್ಬಗಳ ಮೇಲೆ, ಪರದೆ ಎಷ್ಟು ಚುರುಕು ಎಂದು ತೋರಿಸಲು, 1 ಮಿಲಿಸೆಕೆಂಡ್ ಎಂದು ಬರೆದಿರುತ್ತದೆ. ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಟಿಎನ್, ವಿಎ, ಐಪಿಎಸ್ ಎಂದು ಮೂರು ಬಗೆ. ಟಿಎನ್‌ಗೂ ಅದೇ, ವಿಎಗೂ ಅದೇ, ಐಪಿಎಸ್‌ಗೂ ಅದೇ. ಪಕ್ಕಪಕ್ಕ ಇಟ್ಟು ಆಡಿ ನೋಡಿದರೆ ಮೂರೂ ಮೂರು ಥರ. ಕಾರವಾರದ ಕೋಡಿಬಾಗದಲ್ಲಿರುವ ಅಕ್ಕನ ಮಗನಿಗೆ ಮಾನಿಟರ್ ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ, ಶಿರಸಿಯ ಮನೆಯಲ್ಲೇ ಅಳೆದು ನೋಡಿ ತೀರ್ಮಾನ ಮಾಡೋಣ ಎಂದುಕೊಂಡೆ. ಅದಕ್ಕೆ ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯ ಒಂದು ಜೋಡಿ ಡ್ರಾಯರ್ ಚಾನೆಲ್, ತುಂಡು ಪ್ಲೈವುಡ್, ಕೈಯಲ್ಲಿರುವ ಫೋನ್. ಏನು ಕಟ್ಟಿದೆ, ಏನು ಕಂಡಿತು, ಯಾವುದನ್ನು ಕೊಂಡೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಆ ಹುಡುಗನ, ಅಂದರೆ ನಮ್ಮ ಮಾಣಿಯ ಕಂಪ್ಯೂಟರ್ ವಿಷಯ. ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 4 ಜಿಬಿ. ವ್ಯಾಲರಂಟ್‌ನಂಥ ಹಗುರ ಆಟದಲ್ಲಿ ಅದು ಸಲೀಸಾಗಿ ಸೆಕೆಂಡಿಗೆ ನೂರರ ಮೇಲೆ ಫ್ರೇಮ್ (ಚಿತ್ರ) ಕೊಡುತ್ತದೆ. ದೊಡ್ಡ ಆಟಗಳಲ್ಲಿ ಐವತ್ತು, ಅರವತ್ತಕ್ಕೆ ಇಳಿಯುತ್ತದೆ. ಈ ಏರಿಳಿತವೇ ಮುಂದೆ ಮಾನಿಟರ್ ಆಯ್ಕೆಯಲ್ಲಿ ದೊಡ್ಡ ಮಾತಾಯಿತು. ಅವನ ಬೇಡಿಕೆ ಮಾತ್ರ ಸರಳ. "ಮಾವ, ಕರ್ವ್ ಇದ್ದಿದ್ದೇ ತಕಳನ, 27 ಇಂಚಿಂದು" ಅಂದ. ಕರ್ವ್ ಅಂದರೆ ಬಾಗಿದ ಪರದೆ.

27 ಇಂಚನ್ನು ಮೊದಲೇ ಕೈಬಿಟ್ಟೆವು. ಈ ಬೆಲೆಗೆ 27 ಇಂಚಿನಲ್ಲಿ ಸಿಗುವುದು ಹೆಚ್ಚಾಗಿ 1920×1080 ರೆಸಲ್ಯೂಶನ್ನೇ. ಅಷ್ಟು ಅಗಲದ ಪರದೆಯಲ್ಲಿ ಇಂಚಿಗೆ ಸುಮಾರು 82 ಪಿಕ್ಸೆಲ್ ಬೀಳುತ್ತದೆ, 23.8 ಇಂಚಿನಲ್ಲಿ 93ರ ಹತ್ತಿರ. ಕೋಡಿಬಾಗದ ಆ ಕೋಣೆಯಲ್ಲಿ ಮೇಜಿಗೂ ಕಣ್ಣಿಗೂ ಎರಡಡಿ ಅಂತರ. ಅಷ್ಟು ಹತ್ತಿರದಿಂದ ಕನ್ನಡ ಅಕ್ಷರದ ಒತ್ತು, ದೀರ್ಘಗಳು 82ರಲ್ಲಿ ಒಡೆದಂತೆ ಕಾಣುತ್ತವೆ. ಅವನು ಇದೇ ಪರದೆಯಲ್ಲಿ ಕಾಲೇಜಿನ ನೋಟ್ಸ್ ಓದಬೇಕು. ಹಾಗಾಗಿ 24ರ ಅಳತೆ ಎಂದು ಗೊತ್ತಾಯಿತು. ಉಳಿದದ್ದು ಪ್ಯಾನೆಲ್ ಯಾವುದು ಎಂಬ ಪ್ರಶ್ನೆ.

ಹಳಿ ಕಟ್ಟಿದ್ದು

ಓಡುವ ಚಿತ್ರ ಮಸುಕಾಗುವುದನ್ನು ಸುಮ್ಮನೆ ಫೋಟೋ ತೆಗೆದು ಹಿಡಿಯಲು ಬರುವುದಿಲ್ಲ. ನಮ್ಮ ಕಣ್ಣು ಆಟದಲ್ಲಿ ಓಡುವ ಎದುರಾಳಿಯನ್ನು ಹಿಂಬಾಲಿಸುತ್ತದೆ. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ. ಕ್ಯಾಮೆರಾವೂ ಅದೇ ವೇಗದಲ್ಲಿ ಪಕ್ಕಕ್ಕೆ ಸಾಗಿದರೆ ಮಾತ್ರ ಕಣ್ಣಿಗೆ ಕಂಡದ್ದೇ ಫೋಟೋದಲ್ಲಿ ಬರುತ್ತದೆ. ಬ್ಲರ್ ಬಸ್ಟರ್ಸ್ ಎಂಬ ತಂಡದವರು ಟೆಸ್ಟ್‌ಯುಎಫ್‌ಓ ಎಂಬ ಪರೀಕ್ಷಾ ವೆಬ್ ಪುಟದ ಜೊತೆಗೆ ಈ ವಿಧಾನವನ್ನು ಸಾಮಾನ್ಯರ ಬಳಕೆಗೆ ತಂದರು. ಪುಟದಲ್ಲಿ ಒಂದು ಹಾರುವ ತಟ್ಟೆ ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ಕ್ಯಾಮೆರಾ ಅದರ ಜೊತೆ ಓಡಬೇಕು.

ವೇಗ ಎಷ್ಟು ಬೇಕು ಎಂದು ಲೆಕ್ಕ ಹಾಕಿದೆ. ಸೆಕೆಂಡಿಗೆ 960 ಪಿಕ್ಸೆಲ್ ಅಂದರೆ 1920 ಪಿಕ್ಸೆಲ್ ಅಗಲದ ಪರದೆ ದಾಟಲು 2 ಸೆಕೆಂಡ್. 23.8 ಇಂಚಿನ ಪರದೆಯ ಅಗಲ ಸುಮಾರು 53 ಸೆಂಟಿಮೀಟರ್. ಕೈ ಸೆಕೆಂಡಿಗೆ 26 ಸೆಂಟಿಮೀಟರ್ ಸಾಗಿದರೆ ಸಾಕು. ಕೈಗೆ ಆರಾಮದ ವೇಗವೇ. ನಡುಗದೆ, ಮೇಲೆ ಕೆಳಗೆ ಆಗದೆ ಸಾಗಬೇಕು, ಹಳಿ ಬೇಕಾಗುವುದು ಅದಕ್ಕೇ.

ಬಾಲ್ ಬೇರಿಂಗ್ ಇರುವ 18 ಇಂಚಿನ ಡ್ರಾಯರ್ ಚಾನೆಲ್ ಒಂದು ಜೋಡಿ ತಂದೆ. ಸಾಫ್ಟ್ ಕ್ಲೋಸ್ ಇರುವುದು ಬೇಡ, ಕೊನೆಯಲ್ಲಿ ತಾನೇ ಎಳೆದುಕೊಂಡು ವೇಗ ಕೆಡಿಸುತ್ತದೆ. 12 ಎಂಎಂ ಪ್ಲೈವುಡ್ಡಿನ ಹಲಗೆಯ ಎರಡೂ ಅಂಚಿಗೆ ಉದ್ದಕ್ಕೆ ರೀಪು ನಿಲ್ಲಿಸಿ, ಅವುಗಳ ಒಳಮುಖಕ್ಕೆ ಚಾನೆಲ್ ಹೊಡೆದೆ. ಚಾನೆಲನ್ನು ಹಲಗೆಯ ಮೇಲೆ ಮಲಗಿಸಿ ಸ್ಕ್ರೂ ಹಾಕುವುದು ಸುಲಭ, ಆದರೆ ಅದು ನಿಂತು ಭಾರ ಹೊರಲೆಂದು ಮಾಡಿದ್ದು. ಮಲಗಿಸಿದರೆ ಸಡಿಲವಾಗಿ ಅಲ್ಲಾಡುತ್ತದೆ. ಎರಡು ಚಾನೆಲ್‌ಗಳ ನಡುವೆ ಒಂದು ಸಣ್ಣ ಹಲಗೆ. ಒಟ್ಟಿನಲ್ಲಿ ಆಳವಿಲ್ಲದ ಒಂದು ಡ್ರಾಯರ್. ಆ ಹಲಗೆಗೆ ಕಾಲಿಂಚಿನ ತೂತು ಕೊರೆದು, ಟ್ರೈಪಾಡಿನ ಮೊಬೈಲ್ ಹೋಲ್ಡರನ್ನು ಕೆಳಗಿನಿಂದ ಬೋಲ್ಟ್ ಹಾಕಿ ಬಿಗಿದೆ.

ಇಡೀ ಕೆಲಸದಲ್ಲಿ ತಾಳ್ಮೆ ಬೇಡಿದ್ದು ಎರಡು ಚಾನೆಲ್‌ಗಳನ್ನು ಸಮಾನಾಂತರ ಕೂರಿಸುವುದು. ಒಂದು ತುದಿಯಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ನಡುವೆ ಬಿಗಿಯುತ್ತದೆ, ಬಿಗಿದಲ್ಲಿ ಕೈ ಜರ್ಕ್ ಹೊಡೆಯುತ್ತದೆ. ಟೇಪು ಹಿಡಿದು ಅಳೆಯುವುದಕ್ಕಿಂತ, ನಡುವಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಒಂದೇ ಕಟ್ಟಿಗೆ ತುಂಡನ್ನು ಎರಡೂ ತುದಿಗೆ ತೂರಿಸಿ ನೋಡಿ ಸ್ಕ್ರೂ ಬಿಗಿಯುವುದು ಒಳ್ಳೆಯದು. ಕಂಪನಿಯಿಂದ ಬರುವಾಗ ಇರುವ ದಪ್ಪ ಗ್ರೀಸ್ ಒರೆಸಿ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟೆ. ಶಿರಸಿಯ ಡಿಸೆಂಬರ್ ಬೆಳಗಿನ ಚಳಿಗೆ ಆ ಗ್ರೀಸ್ ಗಟ್ಟಿಯಾಗಿತ್ತು. ಎಣ್ಣೆ ಬಿಟ್ಟ ಮೇಲೆ ಒಂದು ಬೆರಳಿಗೆ ಓಡತೊಡಗಿತು. ಕೆಳಗೆ ಎರಡು ಸಿಮೆಂಟ್ ಇಟ್ಟಿಗೆ ಇಟ್ಟು ಫೋನಿನ ಕಣ್ಣು ಪರದೆಯ ನಡುಮಧ್ಯಕ್ಕೆ ಬರುವ ಹಾಗೆ ಎತ್ತರಿಸಿದೆ.

ಫೋನಿನ ಸೆಟ್ಟಿಂಗ್: ಶಟರ್ ಸೆಕೆಂಡಿನ 30ರಲ್ಲಿ ಒಂದು ಭಾಗಕ್ಕೆ ಲಾಕ್, ಫೋಕಸ್ ಲಾಕ್, ವೈಟ್ ಬ್ಯಾಲೆನ್ಸ್ ಲಾಕ್, ಸ್ಟೆಬಿಲೈಸೇಶನ್ ಆಫ್. ಶಟರ್ ಇಷ್ಟು ನಿಧಾನ ಯಾಕೆಂದರೆ 120 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 120 ಸಲ ಪರದೆಯ ಚಿತ್ರ ಹೊಸದಾಗುವಾಗ) ಅಷ್ಟು ಹೊತ್ತಿಗೆ ನಾಲ್ಕು ರಿಫ್ರೆಶ್ ಆಗುತ್ತದೆ. ಕಣ್ಣು ಸಹ ಹಾಗೆಯೇ ಹಲವು ರಿಫ್ರೆಶ್‌ಗಳನ್ನು ಕೂಡಿಸಿ ನೋಡುತ್ತದೆ. ಒಂದೊಂದೇ ಫೋಟೋ ಹೊಡೆಯುವ ಬದಲು ವಿಡಿಯೋ ಓಡಲು ಬಿಟ್ಟು, ಹಳಿಯನ್ನು ಮತ್ತೆ ಮತ್ತೆ ಓಡಿಸಿ, ಆಮೇಲೆ ಚೆನ್ನಾಗಿ ಬಂದ ಫ್ರೇಮ್ ಆರಿಸಿಕೊಂಡೆ. ಚೆನ್ನಾಗಿ ಬಂದದ್ದು ಯಾವುದೆಂದು ಆ ಪುಟವೇ ಹೇಳುತ್ತದೆ. ತಟ್ಟೆಯ ಕೆಳಗೆ ಗುರುತುಗಳ ಒಂದು ಪಟ್ಟಿ ಇದೆ. ವೇಗ ಸರಿ ಹೊಂದಿದರೆ ಅದು ನೆಟ್ಟಗೆ ನಿಂತ ಏಣಿಯ ಹಾಗೆ ಬರುತ್ತದೆ, ಹೊಂದದಿದ್ದರೆ ಓರೆಯಾಗುತ್ತದೆ. ಫೋನಿನ ಸ್ಕ್ರೀನ್ ನೋಡುತ್ತ ಕೈ ಓಡಿಸಬಾರದು. ಮಾನಿಟರಿನ ಮೇಲಿನ ತಟ್ಟೆಯನ್ನೇ ನೋಡುತ್ತಿದ್ದರೆ ಕೈ ತಾನಾಗಿ ಅದರ ವೇಗಕ್ಕೆ ಕೂಡಿಕೊಳ್ಳುತ್ತದೆ.

ಇದರ ಜೊತೆಗೆ ಇನ್ನೊಂದು ಪರೀಕ್ಷೆ. ಪರದೆ ಪೂರ್ತಿ ಎರಡು ಬಣ್ಣಗಳ ನಡುವೆ ಅರ್ಧ ಸೆಕೆಂಡಿಗೊಮ್ಮೆ ಬದಲಾಗುವಂತೆ ಹತ್ತು ಸಾಲಿನ ಎಚ್‌ಟಿಎಂಎಲ್ ಪುಟ ಬರೆದು, 240 ಫ್ರೇಮಿನ ಸ್ಲೋ ಮೋಶನ್‌ನಲ್ಲಿ ಹಿಡಿದೆ. ಒಂದೊಂದು ಫ್ರೇಮ್ ಸುಮಾರು 4.2 ಮಿಲಿಸೆಕೆಂಡ್. ಇದರಿಂದ 3 ಮಿಲಿಸೆಕೆಂಡಿಗೂ 5ಕ್ಕೂ ವ್ಯತ್ಯಾಸ ಹೇಳಲು ಬರುವುದಿಲ್ಲ, ಆದರೆ 5ಕ್ಕೂ 30ಕ್ಕೂ ಖಂಡಿತ ಬರುತ್ತದೆ. ಕಡಿಮೆ ಬೆಲೆಯ ಮಾನಿಟರಿನಲ್ಲಿ ನೋಡಬೇಕಾದ ವ್ಯತ್ಯಾಸ ಈ ಎರಡನೆಯದೇ. ಒಂದು ಎಚ್ಚರಿಕೆ: ಪರದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ತುಂಬುತ್ತದೆ, ಮೇಲಂಚಿಗೂ ಕೆಳಂಚಿಗೂ ಹೆಚ್ಚುಕಡಿಮೆ ಒಂದು ರಿಫ್ರೆಶ್‌ನಷ್ಟು ಅಂತರ ಇರುತ್ತದೆ. ಹಾಗಾಗಿ ಪ್ರತಿ ಸಲವೂ ಪರದೆಯ ಒಂದೇ ಜಾಗವನ್ನು ನೋಡಬೇಕು.

ಆ 1 ಮಿಲಿಸೆಕೆಂಡ್ ಎಲ್ಲಿಂದ ಬಂತು

ಡಬ್ಬದ ಮೇಲೆ ಎರಡು ಬೇರೆ ಬೇರೆ ಅಳತೆಗಳು ಒಂದೇ ಅಂಕಿಯ ಹೆಸರಿನಲ್ಲಿ ಬರುತ್ತವೆ. ಮೊದಲನೆಯದು ಜಿಟಿಜಿ: ಪಿಕ್ಸೆಲ್ ಒಂದು ಬೂದು ಮಟ್ಟದಿಂದ ಇನ್ನೊಂದಕ್ಕೆ ಹೋಗಲು ತಗಲುವ ಸಮಯ. ಸಾಮಾನ್ಯವಾಗಿ ಬದಲಾವಣೆಯ 10 ಶೇಕಡಾದಿಂದ 90ರವರೆಗೆ ಮಾತ್ರ ಎಣಿಸುತ್ತಾರೆ. ಮೊದಲ ಮತ್ತು ಕೊನೆಯ ಭಾಗ ಲೆಕ್ಕಕ್ಕಿಲ್ಲ. ಅದರಲ್ಲೂ ಡಬ್ಬದ ಮೇಲೆ ಬರುವುದು ಎಲ್ಲ ಮಟ್ಟಗಳ ಸರಾಸರಿಯಲ್ಲ, ಎಲ್ಲಕ್ಕಿಂತ ಬೇಗ ಆಗುವ ಒಂದು ಬದಲಾವಣೆಯ ಸಮಯ, ಪಿಕ್ಸೆಲನ್ನು ಬೇಗ ಬದಲಿಸುವ ಓವರ್‌ಡ್ರೈವ್ ಎಂಬ ಸೆಟ್ಟಿಂಗನ್ನು ತುತ್ತತುದಿಗೆ ಏರಿಸಿ ತೆಗೆದದ್ದು.

ಎರಡನೆಯದು ಎಂಪಿಆರ್‌ಟಿ. ಇದು ಪಿಕ್ಸೆಲ್ಲಿನ ಚುರುಕಿನ ಅಳತೆಯೇ ಅಲ್ಲ, ಒಂದು ಚಿತ್ರ ಪರದೆಯ ಮೇಲೆ ಎಷ್ಟು ಹೊತ್ತು ಕಣ್ಣಿಗೆ ಕಾಣುತ್ತದೆ ಎಂಬುದು. ಎಲ್‌ಸಿಡಿ ಒಂದು ಫ್ರೇಮನ್ನು ಮುಂದಿನದು ಬರುವವರೆಗೂ ಹಿಡಿದಿಟ್ಟುಕೊಳ್ಳುತ್ತದೆ. 60 ಹರ್ಟ್ಸ್‌ನಲ್ಲಿ 16.7 ಮಿಲಿಸೆಕೆಂಡ್, 120ರಲ್ಲಿ 8.3, 144ರಲ್ಲಿ 6.9, 165ರಲ್ಲಿ 6.1. ಅಷ್ಟು ಹೊತ್ತು ಚಿತ್ರ ನಿಂತಿದ್ದು ಕಣ್ಣು ಮಾತ್ರ ಸರಿಯುತ್ತಿರುವುದರಿಂದ ಮಸುಕು ಹುಟ್ಟುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ಓಟದಲ್ಲಿ 60 ಹರ್ಟ್ಸ್‌ಗೆ 16 ಪಿಕ್ಸೆಲ್‌ನಷ್ಟು, 120ಕ್ಕೆ 8 ಪಿಕ್ಸೆಲ್‌ನಷ್ಟು. ಪಿಕ್ಸೆಲ್ ಕ್ಷಣಮಾತ್ರದಲ್ಲಿ ಬದಲಾದರೂ ಈ ಮಸುಕು ಇದ್ದೇ ಇರುತ್ತದೆ. ಇದನ್ನು 1ಕ್ಕೆ ಇಳಿಸಬೇಕಾದರೆ ಒಂದೋ 1000 ಹರ್ಟ್ಸ್ ಬೇಕು, ಇಲ್ಲವೇ ಹಿಂದಿನ ದೀಪವನ್ನು ಪ್ರತಿ ಫ್ರೇಮಿಗೂ ಒಂದು ಮಿಲಿಸೆಕೆಂಡ್ ಮಾತ್ರ ಮಿಂಚಿಸಿ ಆರಿಸಬೇಕು. ಅಗ್ಗದ ಮಾನಿಟರುಗಳ 1 ಎಂಎಸ್ ಎಂಪಿಆರ್‌ಟಿ ಅಂದರೆ ಈ ಮಿಂಚಿಸುವ ಮೋಡ್. ಅದನ್ನು ಹಾಕಿದೊಡನೆ ಬೆಳಕು ತಗ್ಗುತ್ತದೆ, ಬಹಳಷ್ಟು ಮಾನಿಟರುಗಳಲ್ಲಿ ಫ್ರೀಸಿಂಕ್ (ಆಟದ ಫ್ರೇಮ್ ದರಕ್ಕೆ ಪರದೆಯ ರಿಫ್ರೆಶ್ ಹೊಂದಿಕೊಳ್ಳುವ ವ್ಯವಸ್ಥೆ) ಬಂದ್ ಆಗುತ್ತದೆ. ಫ್ರೇಮ್ ಏರಿಳಿಯುವ 1650 ಕಾರ್ಡಿನವರಿಗೆ ಅದು ನಷ್ಟದ ವ್ಯವಹಾರ.

ನನ್ನ ಮಟ್ಟಿಗೆ ಡಬ್ಬದ ಆ ಅಂಕಿಯನ್ನು ಪೂರ್ತಿ ಬದಿಗಿಟ್ಟು, ಕೇಳಬೇಕಾದ ಪ್ರಶ್ನೆ ಇದು: ಆ ಪ್ಯಾನೆಲ್ಲಿನ ಅತಿ ನಿಧಾನದ ಬದಲಾವಣೆ ಒಂದು ರಿಫ್ರೆಶ್ಶಿನ ಒಳಗೆ ಮುಗಿಯುತ್ತದೆಯೇ? 144 ಹರ್ಟ್ಸ್‌ನಲ್ಲಿ 7 ಮಿಲಿಸೆಕೆಂಡಿಗೊಂದು ಹೊಸ ಚಿತ್ರ ಬರುವಾಗ ಪಿಕ್ಸೆಲ್ 25 ಮಿಲಿಸೆಕೆಂಡ್ ತೆಗೆದುಕೊಂಡರೆ, ಹಳೆಯ ಮೂರು ಚಿತ್ರಗಳ ಪಳೆಯುಳಿಕೆ ಹೊಸದರ ಜೊತೆ ಕಾಣುತ್ತಿರುತ್ತದೆ. 144ಕ್ಕೆ ದುಡ್ಡು ಕೊಟ್ಟದ್ದು ಆ ಜಾಗದಲ್ಲಿ ಸಿಗಲೇ ಇಲ್ಲ ಎಂದಾಯಿತು.

ಎರವಲು ತಂದ ಎರಡು

ಟಿಎನ್ ಸಿಕ್ಕಿದ್ದು ಪರಿಚಯದ ಝೆರಾಕ್ಸ್ ಅಂಗಡಿಯಿಂದ. ಹಿಂದೆ ಗೇಮಿಂಗ್‌ಗೆಂದೇ ಕೊಂಡ 144 ಹರ್ಟ್ಸ್‌ನದು, ಈಗ ಬಿಲ್ ಹಾಕಲು ಬಳಸುತ್ತಾರೆ. ವಿಎ ಶಿರಸಿಯ ನಿಲೇಕಣಿಯಲ್ಲಿರುವ ಗೆಳೆಯನದು, ಕರ್ವ್ ಇರುವ 165 ಹರ್ಟ್ಸ್‌ನದು. ಲೆಕ್ಕ ಒಂದೇ ಇರಲೆಂದು ಎರಡನ್ನೂ 120ಕ್ಕೆ ಇಳಿಸಿದೆ.

ಟಿಎನ್‌ನಲ್ಲಿ ತಟ್ಟೆ ಸ್ವಚ್ಛವಾಗಿ ಬಂತು. ಸ್ಲೋ ಮೋಶನ್‌ನಲ್ಲಿ ಹೆಚ್ಚಿನ ಬದಲಾವಣೆಗಳು ಒಂದು ಫ್ರೇಮ್, ಹೆಚ್ಚೆಂದರೆ ಎರಡರಲ್ಲಿ ಮುಗಿದವು. ತಿರುಚಿ ನಿಂತ ದ್ರವಸ್ಫಟಿಕದ ಅಣುಗಳು ವಿದ್ಯುತ್ ಬಿದ್ದಾಗ ನೆಟ್ಟಗಾಗುವುದು ಇದರ ಕೆಲಸ. 1970ರ ಸುಮಾರಿಗೆ ಹುಟ್ಟಿದ ಈ ತಂತ್ರ ಚುರುಕಿನಲ್ಲಿ ಇವತ್ತಿಗೂ ಸೋತಿಲ್ಲ. ಆದರೆ ಕುರ್ಚಿಯಲ್ಲಿ ಸ್ವಲ್ಪ ಕುಸಿದು ಕೂತರೆ ಪರದೆಯ ಮೇಲ್ಭಾಗ ಕಪ್ಪಾಗುತ್ತದೆ, ಎದ್ದರೆ ಕೆಳಭಾಗ ಬಿಳಚುತ್ತದೆ. ಬದಿಯಲ್ಲಿ ಕೂತ ತಂಗಿಗೆ ಬೇರೆಯೇ ಬಣ್ಣ. ಮಾಣಿಯ ಮನೆಯಲ್ಲಿ ರಾತ್ರಿ ಇದೇ ಪರದೆಯ ಮುಂದೆ ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುವವರು, ಅದಕ್ಕೆ ಟಿಎನ್ ಆಗಿಬರುವುದಿಲ್ಲ.

ಟಿಎನ್ ಪರದೆಗಳ ಕೋನದ ಈ ದೋಷವನ್ನು ಒಂದಿಷ್ಟಾದರೂ ತಗ್ಗಿಸಿದ ವಸ್ತುವಿನ ಬೇರು ನಮ್ಮ ಬೆಂಗಳೂರಿನಲ್ಲಿದೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ಕಂಡುಹಿಡಿದರು. ಅದುವರೆಗೆ ಕಡ್ಡಿಯಾಕಾರದ ಅಣುಗಳಿಂದ ಮಾತ್ರ ಅದು ಸಾಧ್ಯ ಎಂದಿತ್ತು. ಮುಂದೆ ಜಪಾನಿನ ಫ್ಯೂಜಿ ಕಂಪನಿ ಇಂಥ ಡಿಸ್ಕಾಟಿಕ್ ವಸ್ತುವಿನ ಪದರ ಹಚ್ಚಿದ ಫಿಲ್ಮ್ ತಯಾರಿಸಿತು. ಟಿಎನ್ ಪರದೆಗಳ ನೋಟದ ಕೋನ ಹಿಗ್ಗಿದ್ದು ಅದರಿಂದ. ದ್ರವಸ್ಫಟಿಕದ ಮಾತು ಬಂದಾಗೆಲ್ಲ ಜಪಾನು, ಕೊರಿಯಾ ಎನ್ನುವ ಹುಡುಗರಿಗೆ ಇದು ಗೊತ್ತಿರಬೇಕು ಎಂದು ನನ್ನ ಆಸೆ.

ಇನ್ನು ವಿಎ. ಮೊದಲ ನೋಟಕ್ಕೆ ಮನಸ್ಸು ಸೆಳೆಯುವುದು ಇದೇ. ಕಪ್ಪು ಅಂದರೆ ಕಪ್ಪು. ಐಪಿಎಸ್‌ನಲ್ಲಿ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000ಕ್ಕೆ 1ರ ಹತ್ತಿರ, ವಿಎಯಲ್ಲಿ 3000ಕ್ಕೆ 1ರ ಸುಮಾರು ಸಿಗುತ್ತದೆ. ಕೋಣೆಯ ದೀಪ ಆರಿಸಿ ನೋಡಿದರೆ ವ್ಯತ್ಯಾಸ ಹೇಳಿಕೊಡಬೇಕಾದ್ದೇ ಇಲ್ಲ. ಹಾರುವ ತಟ್ಟೆಯೂ ತಿಳಿ ಹಿನ್ನೆಲೆಯಲ್ಲಿ ಪರವಾಗಿಲ್ಲ ಎನ್ನುವಂತೆ ಬಂತು. ಹಿನ್ನೆಲೆಯನ್ನು ಕಡುಗಪ್ಪಿಗೆ ಬದಲಿಸಿದಾಗ ಅದರ ಹಿಂದೆ ಉದ್ದನೆಯ ಕಪ್ಪು ಬಾಲ ಹುಟ್ಟಿಕೊಂಡಿತು. ಬಣ್ಣ ಬದಲಾಗುವ ಪುಟದಲ್ಲಿ ಕಪ್ಪಿನಿಂದ ಬಿಳಿಗೆ ಬೇಗ ಹೋಗುವ ಅದೇ ಪ್ಯಾನೆಲ್, ಕಪ್ಪಿನಿಂದ ಗಾಢ ಬೂದಿಗೆ ಹೋಗಲು ಸ್ಲೋ ಮೋಶನ್‌ನ ಏಳೆಂಟು ಫ್ರೇಮ್ ತೆಗೆದುಕೊಂಡಿತು. 30 ಮಿಲಿಸೆಕೆಂಡಿನ ಆಸುಪಾಸು.

ಕಾರಣ ಅದರ ರಚನೆಯಲ್ಲೇ ಇದೆ. ವಿಎಯಲ್ಲಿ ಕಪ್ಪು ತೋರಿಸುವಾಗ ಅಣುಗಳು ಗಾಜಿಗೆ ನೆಟ್ಟಗೆ ನಿಂತಿರುತ್ತವೆ. ಕಪ್ಪು ಅಷ್ಟು ಗಟ್ಟಿಯಾಗಿರುವುದು ಅದಕ್ಕೇ. ಬಿಳಿ ಬೇಕೆಂದರೆ ಹೆಚ್ಚು ವೋಲ್ಟೇಜ್ ಬಿದ್ದು ಅವು ಬೇಗ ಬಾಗುತ್ತವೆ. ಗಾಢ ಬೂದು ಬೇಕೆಂದರೆ ಬೀಳುವುದು ತೀರ ಸಣ್ಣ ವೋಲ್ಟೇಜ್. ನೆಟ್ಟಗೆ ನಿಂತವನ್ನು ಅಷ್ಟು ಸಣ್ಣ ಬಲ ಮೆಲ್ಲಗೆ ಬಾಗಿಸಬೇಕು. ಒಳ್ಳೆಯ ಕಪ್ಪು ಮತ್ತು ಕಪ್ಪಿನ ಬಾಲ ಎರಡೂ ಒಂದೇ ಮೂಲದವು. ದುಬಾರಿ ವಿಎಗಳಲ್ಲಿ ಇದನ್ನು ಬಹಳ ಮಟ್ಟಿಗೆ ಪಳಗಿಸಿದ್ದಾರೆ, ಹನ್ನೆರಡು ಸಾವಿರದ ಒಳಗಿನವುಗಳಲ್ಲಿ ಅದನ್ನು ನಿರೀಕ್ಷಿಸಬಾರದು.

ಚಳಿಯ ಪರಿಣಾಮವನ್ನೂ ಇದರಲ್ಲೇ ಕಂಡೆ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ತೆಗೆದ ವಿಡಿಯೋದಲ್ಲಿ ಬಾಲ ಇನ್ನೂ ಉದ್ದ; ಅರ್ಧ ಗಂಟೆ ಓಡಿದ ಮೇಲೆ ಕಣ್ಣಿಗೆ ಕಾಣುವಷ್ಟು ಗಿಡ್ಡ. ತಂಪಿಗೆ ದ್ರವಸ್ಫಟಿಕ ಮಂದವಾಗುತ್ತದೆ, ಅಣುಗಳು ಹೊರಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಯಾವ ಪ್ಯಾನೆಲ್ ಆದರೂ ಅಷ್ಟೇ, ವಿಎಯಲ್ಲಿ ಎದ್ದು ಕಾಣುತ್ತದೆ. ಘಟ್ಟದ ಮೇಲೆ ಚಳಿಗಾಲದಲ್ಲಿ ಹೊಸ ಮಾನಿಟರ್ ತಂದವರು ಡಬ್ಬ ಬಿಚ್ಚಿದ ಗಳಿಗೆಯಲ್ಲೇ ತೀರ್ಪು ಕೊಡಬೇಡಿ. ಕಾರವಾರದ ಸೆಕೆಯಲ್ಲಿ ಅದೇ ಪ್ಯಾನೆಲ್ ಇದಕ್ಕಿಂತ ಚುರುಕಾಗಿಯೇ ನಡೆಯುತ್ತದೆ. ಮುಂದಿನ ಎಲ್ಲ ಅಳತೆಯನ್ನೂ ಅರ್ಧ ಗಂಟೆ ಕಾಯಿಸಿಯೇ ತೆಗೆದೆ.

ವಿಎ ವಿರುದ್ಧ ತೂಗಿದ ಇನ್ನೊಂದು ವಿಷಯ ಫ್ರೀಸಿಂಕ್. ಫ್ರೇಮ್ ದರ ಏರಿಳಿಯುವಾಗ ಆ ಮಾನಿಟರಿನಲ್ಲಿ ಕತ್ತಲ ದೃಶ್ಯಗಳ ಬೆಳಕು ಮಿಣುಮಿಣುಕುತ್ತಿತ್ತು. ರಿಫ್ರೆಶ್ ದರ ಬದಲಾದಂತೆ ಗಾಮಾ, ಅಂದರೆ ನಡುವಿನ ಮಟ್ಟಗಳ ಬೆಳಕು, ಸಣ್ಣಗೆ ಬದಲಾಗುವುದರಿಂದ ಹೀಗೆ, ವಿಎಗಳಲ್ಲಿ ಇದು ಹೆಚ್ಚು. ಐವತ್ತರಿಂದ ನೂರರವರೆಗೆ ಹತ್ತಿಳಿಯುವ ಕಂಪ್ಯೂಟರಿಗೆ ಅದನ್ನು ಜೋಡಿಸುವುದು ನನಗೆ ಸರಿ ಕಾಣಲಿಲ್ಲ.

ವಿಡಿಯೋಗಳನ್ನು ಮಾಣಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಮಾವ, ಕತ್ಲೆ ಮೂಲೆಲಿ ನಿಂತವ ಓಡಿದ್ರೆ ಆ ಬಾಲದಲ್ಲೇ ಅಡಗಿ ಹೋಗ್ತ. ಕರ್ವ್ ಬೇಡ." ಬರಿ ಆಟವಾಡಿಯೇ ಅವನಿಗೆ ನನಗಿಂತ ಬೇಗ ವಿಷಯ ಹೊಳೆದಿತ್ತು.

ಐಪಿಎಸ್ ಬಂತು

1990ರ ದಶಕದಲ್ಲಿ ಹಿಟಾಚಿ ಬಳಕೆಗೆ ತಂದ ಐಪಿಎಸ್‌ನಲ್ಲಿ ಅಣುಗಳು ಗಾಜಿಗೆ ಸಮತಲದಲ್ಲೇ ಮಲಗಿ ಪಕ್ಕಕ್ಕೆ ಹೊರಳುತ್ತವೆ. ಯಾವ ಬದಿಯಿಂದ ನೋಡಿದರೂ ಬಣ್ಣ ನಿಲ್ಲುತ್ತದೆ. ಮೊದಲ ತಲೆಮಾರಿನವು ನಿಧಾನ ಎಂಬ ಹೆಸರು ಹೊತ್ತಿದ್ದವು. ಈಗ ಕಡಿಮೆ ಬೆಲೆಯಲ್ಲೂ ಚುರುಕಿನವು ಸಿಗುತ್ತವೆ. ಮರಳಿಸುವ ಅವಕಾಶ ಇರುವ ಕಡೆಯಿಂದಲೇ 23.8 ಇಂಚಿನ, 165 ಹರ್ಟ್ಸ್‌ನ, ಡಿಸ್‌ಪ್ಲೇ ಪೋರ್ಟ್ ಇರುವ ಒಂದನ್ನು ತರಿಸಿದೆ. ಡಬ್ಬ ಬಿಚ್ಚುವುದನ್ನು ಒಂದೇ ವಿಡಿಯೋದಲ್ಲಿ ನಿಲ್ಲಿಸದೆ ಹಿಡಿದಿಟ್ಟೆ, ಘಟ್ಟ ಹತ್ತಿ ಬರುವ ಪಾರ್ಸಲ್‌ಗಳಿಗೆ ಇದು ಬೇಕೇ ಬೇಕು.

ಮೆನುವಿನಲ್ಲಿ ಓವರ್‌ಡ್ರೈವ್‌ಗೆ ಮೂರು ಹಂತ. ಈ ಹಂತಗಳನ್ನು ಪರೀಕ್ಷಿಸಲಿಕ್ಕೆಂದೇ ಹಳಿ ಕಟ್ಟಿದ್ದು ಸಾರ್ಥಕ ಆಯಿತು. ಓವರ್‌ಡ್ರೈವ್ ಅಂದರೆ ಪಿಕ್ಸೆಲ್ಲಿಗೆ ಒಂದು ಕ್ಷಣ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೊಟ್ಟು ಬೇಗ ಹೊರಳಿಸುವುದು. ಮಳೆಗೆ ಉಬ್ಬಿ ಬಿಗಿಯಾದ ಬಾಗಿಲನ್ನು ಜೋರಾಗಿ ನೂಕಿದರೆ ಬೇಗ ತೆರೆಯುತ್ತದೆ, ಅತಿ ಜೋರಾದರೆ ಗೋಡೆಗೆ ಬಡಿದು ವಾಪಸು ಬರುತ್ತದೆ. ಹಾಗೆ ಬಡಿದು ಬರುವುದಕ್ಕೆ ಓವರ್‌ಶೂಟ್ ಎನ್ನುತ್ತಾರೆ. ಪಿಕ್ಸೆಲ್ ಸೇರಬೇಕಾದ ಬಣ್ಣವನ್ನು ದಾಟಿ ಹೋಗಿ ಮರಳುತ್ತದೆ. ಓಡುವ ವಸ್ತುವಿನ ಹಿಂದೆ ಕಪ್ಪು ಬಾಲದ ಬದಲು ಹೊಳೆಯುವ ಅಂಚು ಕಾಣುತ್ತದೆ.

ಮೊದಲ ಹಂತದಲ್ಲಿ ತಟ್ಟೆಯ ಹಿಂದೆ ತೆಳು ನೆರಳು. ನಡುವಿನ ಹಂತದಲ್ಲಿ ಅದು ಬಹುಪಾಲು ಹೋಯಿತು, ಬಣ್ಣ ಬದಲಾಗುವ ಪುಟದಲ್ಲಿ ನಿಧಾನದ ಬದಲಾವಣೆಯೂ ಎರಡು ಫ್ರೇಮಿನ ಒಳಗೆ ಮುಗಿಯಿತು. ಮೂರನೆಯ ಹಂತದಲ್ಲಿ ತಟ್ಟೆಯ ಗುಮ್ಮಟದ ಹಿಂದೆ ಬಿಳಿ ಅಂಚು ಢಾಳಾಗಿ ಎದ್ದು ಬಂತು. ಡಬ್ಬದ ಮೇಲಿನ 1 ಮಿಲಿಸೆಕೆಂಡ್ ಈ ಮೂರನೆಯ ಹಂತದ್ದು. ಅದರಲ್ಲಿ ಆಡುವುದು ಕಣ್ಣಿಗೆ ಹಿಂಸೆ.

ಇಲ್ಲಿಗೇ ಮುಗಿಯಲಿಲ್ಲ. ಮಾಣಿಯ ಆಟ ಎಲ್ಲ ಹೊತ್ತೂ 165ರಲ್ಲಿ ಓಡುವುದಿಲ್ಲ, ಫ್ರೀಸಿಂಕ್ ಇದ್ದಾಗ ಪರದೆಯೂ ಆಟದ ಜೊತೆ 60, 70ಕ್ಕೆ ಇಳಿಯುತ್ತದೆ. 165ಕ್ಕೆ ಹದ ಮಾಡಿದ ಓವರ್‌ಡ್ರೈವ್ ಅಲ್ಲಿ ಅತಿಯಾಗಬಹುದು. ದುಬಾರಿ ಮಾನಿಟರುಗಳು ರಿಫ್ರೆಶ್ ಇಳಿದಂತೆ ಓವರ್‌ಡ್ರೈವನ್ನೂ ತಾವೇ ಇಳಿಸಿಕೊಳ್ಳುತ್ತವೆ, ಅಗ್ಗದವು ಬಹಳಷ್ಟು ಹಾಗೆ ಮಾಡುವುದಿಲ್ಲ. ಹಾಗಾಗಿ ನಡುವಿನ ಹಂತವನ್ನು 165, 120, 75, 60 ನಾಲ್ಕರಲ್ಲೂ ಹಳಿಯ ಮೇಲೆ ನೋಡಿದೆ. 75ರಲ್ಲಿ ಹೊಳಪಿನ ಅಂಚು ಹುಡುಕಿದರೆ ಸಿಗುವಷ್ಟು. 60ರಲ್ಲಿ ಇನ್ನೊಂಚೂರು ಹೆಚ್ಚು, ಆಡುವಾಗ ಗಮನಕ್ಕೆ ಬರುವಂಥದ್ದಲ್ಲ. ಇಟ್ಟುಕೊಳ್ಳುವ ತೀರ್ಮಾನ ಆದದ್ದು ಈ ಹಂತದಲ್ಲಿ. ಕಡಿಮೆ ಬೆಲೆಯ ಮಾನಿಟರ್ ಕೊಳ್ಳುವ ಯಾರಿಗಾದರೂ ನಾನು ಹೇಳುವುದು ಇದನ್ನೇ: ಅತಿ ಹೆಚ್ಚಿನ ರಿಫ್ರೆಶ್‌ನಲ್ಲಿ ಹೇಗಿದೆ ಎಂದು ಎಲ್ಲರೂ ನೋಡುತ್ತಾರೆ, ನಿಮ್ಮ ಕಾರ್ಡ್ ನಿಜವಾಗಿ ಕೊಡುವ ಫ್ರೇಮ್ ದರದಲ್ಲಿ ಹೇಗಿದೆ ಎಂದು ನೋಡಿ.

ಐಪಿಎಸ್‌ನ ಕೊರತೆ ಕತ್ತಲಲ್ಲಿ ಕಾಣುತ್ತದೆ. ಕರೆಂಟ್ ಹೋದ ಸಂಜೆ, ಯುಪಿಎಸ್ ಮೇಲೆ ಕಪ್ಪು ಪರದೆ ಹಾಕಿ ನೋಡಿದೆ. ಮೂಲೆಗಳಲ್ಲಿ ಬೆಳಕು. ತಲೆಯನ್ನು ಅತ್ತಿತ್ತ ಆಡಿಸಿದಾಗ ಆ ಬೆಳಕು ಜಾಗ ಬದಲಿಸಿದರೆ ಅದು ಐಪಿಎಸ್ ಗ್ಲೋ, ಪ್ಯಾನೆಲ್ಲಿನ ಸಹಜ ಗುಣ. ನಿಂತಲ್ಲೇ ನಿಂತರೆ ಬ್ಯಾಕ್‌ಲೈಟ್ ಬ್ಲೀಡ್, ಜೋಡಣೆಯ ದೋಷ, ಹೆಚ್ಚಿದ್ದರೆ ಮರಳಿಸಬೇಕು. ನಮ್ಮದರಲ್ಲಿ ಕೆಳಗಿನ ಬಲ ಮೂಲೆಯಲ್ಲಿ ಮಾತ್ರ ಚೂರು ಬ್ಲೀಡ್. ಸಹಿಸಬಹುದಾದಷ್ಟೇ ಎಂದು ಬಿಟ್ಟೆ.

ಕಾರವಾರದಲ್ಲಿ ಕೂರಿಸಿದ್ದು

ದೇವಿಮನೆ ಘಟ್ಟ ಇಳಿದು, ಕುಮಟಾದಿಂದ ಹೆದ್ದಾರಿ 66 ಹಿಡಿದು ಹೋಗುವ ದಾರಿಯುದ್ದಕ್ಕೂ ಡಬ್ಬವನ್ನು ನೆಟ್ಟಗೆ ನಿಲ್ಲಿಸಿಯೇ ಒಯ್ದೆ. ಮಲಗಿಸಿದರೆ ಪ್ರತಿ ಹೊಂಡದ ಪೆಟ್ಟೂ ಗಾಜಿಗೆ ಬೀಳುತ್ತದೆ.

ಜೋಡಿಸುವಾಗ ಡಿಸ್‌ಪ್ಲೇ ಪೋರ್ಟ್ ಕೇಬಲ್ಲನ್ನೇ ಬಳಸಿದ್ದಕ್ಕೆ ಎರಡು ಕಾರಣ. ಈ ದರ್ಜೆಯ ಮಾನಿಟರುಗಳಲ್ಲಿ ಕೆಲವು ಎಚ್‌ಡಿಎಂಐನಲ್ಲಿ ಪೂರ್ತಿ ರಿಫ್ರೆಶ್ ಕೊಡುವುದಿಲ್ಲ. ಮತ್ತೆ, ಈ ಗ್ರಾಫಿಕ್ಸ್ ಕಾರ್ಡಿನ ಕಂಪನಿ ಎನ್ವಿಡಿಯಾ 2019ರ ಜನವರಿಯಲ್ಲಿ ಫ್ರೀಸಿಂಕ್ ಮಾನಿಟರುಗಳಿಗೆ ಬಾಗಿಲು ತೆರೆದದ್ದು ಡಿಸ್‌ಪ್ಲೇ ಪೋರ್ಟ್ ಮೂಲಕ. 1650ಕ್ಕೂ ಅದೇ ದಾರಿ. ಕೇಬಲ್ ಹಾಕಿದ ಮೇಲೂ ವಿಂಡೋಸ್ 60 ಹರ್ಟ್ಸ್‌ನಲ್ಲೇ ನಿಂತಿತ್ತು. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 165 ಆರಿಸಬೇಕು. ಇದನ್ನು ಮಾಡದೆ ವರ್ಷಗಟ್ಟಲೆ 60ರಲ್ಲೇ ಆಡುವವರು ಇದ್ದಾರೆ, ದಯವಿಟ್ಟು ಇವತ್ತೇ ಒಮ್ಮೆ ನೋಡಿಕೊಳ್ಳಿ. ಎಚ್‌ಡಿಎಂಐ ಬಳಸುವವರಿಗೆ ಕಪ್ಪು ಬಣ್ಣ ಬೂದಿಯಂತೆ ಕಂಡರೆ, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ಲಿಮಿಟೆಡ್ ಇದ್ದದ್ದನ್ನು ಫುಲ್ ಮಾಡಿದರೆ ಸರಿಹೋಗುತ್ತದೆ. ಪ್ಯಾನೆಲ್ಲಿನ ದೋಷ ಎಂದು ಮರಳಿಸುವ ಮೊದಲು ಇದನ್ನು ನೋಡಬೇಕು.

ಕೋಡಿಬಾಗದಲ್ಲಿ ಸಮುದ್ರ ಹತ್ತಿರ. ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಮಾನಿಟರಿನ ಬೆನ್ನಿನ 100×100 ಎಂಎಂ ವೇಸಾ ತೂತುಗಳಿಗೆ ಸ್ಟೇನ್‌ಲೆಸ್ ಸ್ಟೀಲ್‌ನ ಎಂ4 ಸ್ಕ್ರೂ ಹಾಕಿ ಗೋಡೆಯ ಆರ್ಮ್‌ಗೆ ತೂಗುಹಾಕಿದೆ. ಆರ್ಮನ್ನು ಕಿಟಕಿ ಇಲ್ಲದ ಗೋಡೆಗೆ ಹೊಡೆದದ್ದು ಬೇಕೆಂದೇ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ. ಕೇಬಲ್ಲಿನ ತುದಿಯನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಲು ಮಾಣಿಗೆ ತೋರಿಸಿಕೊಟ್ಟೆ. ಚಿತ್ರ ಆಗಾಗ ಕಪ್ಪಾಗಿ ಮರಳುವ ತೊಂದರೆ ಕರಾವಳಿಯ ಮನೆಗಳಲ್ಲಿ ನಾನು ಕಂಡ ಮಟ್ಟಿಗೆ ಹೆಚ್ಚಾಗಿ ಈ ತುದಿಯಲ್ಲೇ ಇರುತ್ತದೆ.

ಮೊದಲ ಮಳೆಗೆ ದೀಪದ ಹುಳಗಳು ಏಳುತ್ತವೆ. ಅವುಗಳಲ್ಲಿ ಸಾಸಿವೆಗಿಂತ ಸಣ್ಣವು ಗಾಳಿ ಕಿಂಡಿಯಿಂದ ನುಸುಳಿ, ಪ್ಯಾನೆಲ್ಲಿಗೂ ಹಿಂದಿನ ಬೆಳಕಿನ ಹಾಳೆಗೂ ನಡುವೆ ಸೇರಿಕೊಳ್ಳುತ್ತವೆ. ಪರದೆಯ ಮೇಲೆ ಹುಳ ನಡೆದಂತೆ ಕಂಡು ಒರೆಸಲು ಹೋದರೆ ಬಟ್ಟೆಗೆ ಸಿಗುವುದಿಲ್ಲ. ಅಲ್ಲಿ ಬೆರಳಿಂದ ಒತ್ತಬಾರದು. ಸತ್ತರೆ ಅಲ್ಲೇ ಅಂಟಿಕೊಂಡು ಶಾಶ್ವತ ಕಪ್ಪು ಚುಕ್ಕೆಯಾಗುತ್ತದೆ. ಮಾನಿಟರ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಅಂಚಿನ ಪಕ್ಕದಲ್ಲಿ ಒಂದು ಟಾರ್ಚ್ ಉರಿಸಿಟ್ಟರೆ ಬೆಳಕಿನ ಕಡೆಗೆ ತಾನಾಗಿ ಹೊರಗೆ ಬರುವ ಸಾಧ್ಯತೆ ಹೆಚ್ಚು. ಮಳೆಗಾಲದ ಸಂಜೆ ಕೋಣೆಯ ಟ್ಯೂಬ್‌ಲೈಟ್ ಆರಿಸಿ ಪರದೆ ಮಾತ್ರ ಉರಿಸಿಕೊಂಡು ಆಡಬೇಡ ಎಂದು ಅಕ್ಕನೂ ಅವನಿಗೆ ಹೇಳಿಟ್ಟಿದ್ದಾಳೆ.

ಈಗ ಇರುವ ಸೆಟ್ಟಿಂಗ್ ಇದು: 165 ಹರ್ಟ್ಸ್, ಫ್ರೀಸಿಂಕ್ ಆನ್, ಓವರ್‌ಡ್ರೈವ್ ನಡುವಿನ ಹಂತ, ಮಿಂಚಿಸುವ ಮೋಡ್ ಆಫ್, ಆಟದೊಳಗೆ ಫ್ರೇಮ್ ಮಿತಿ 160. ಮಿತಿ ಹಾಕಿದ್ದು ಫ್ರೇಮ್ ದರ ಫ್ರೀಸಿಂಕ್‌ನ ಮೇಲಂಚನ್ನು ದಾಟಿ ಚಿತ್ರ ಅಡ್ಡಕ್ಕೆ ಹರಿದಂತೆ ಕಾಣದಿರಲಿ ಎಂದು. ಝೆರಾಕ್ಸ್ ಅಂಗಡಿಯ ಟಿಎನ್ ತನ್ನ ಬಿಲ್ಲಿನ ಕೆಲಸಕ್ಕೆ ಮರಳಿದೆ. ನಿಲೇಕಣಿಯ ಗೆಳೆಯ ತನ್ನ ವಿಎಯಲ್ಲಿ ರಾತ್ರಿ ಸಿನಿಮಾ ನೋಡುವವನು, ಅವನಿಗೆ ಅದೇ ಸರಿ. ಹಳಿ ನನ್ನ ಹತ್ತಿರವೇ ಇದೆ; ಶಿರಸಿಯಲ್ಲಿ ಯಾರಾದರೂ ಹೊಸ ಮಾನಿಟರ್ ತಂದು ಮರಳಿಸುವ ಅವಧಿ ಮುಗಿಯುವ ಮೊದಲು ಪರೀಕ್ಷಿಸಬೇಕೆಂದರೆ ಕೊಡುತ್ತೇನೆ.